ಟರ್ನರ್ ಸಾಹೇಬರ ಸೂತ್

ಹೈದರಾಬಾದಿನ ಬಾಲಾನಗರದಲ್ಲಿ ನನಗೆ ಮನೆ ಬಾಡಿಗೆಗೆ ಕೊಟ್ಟವರು ಕಲಬುರಗಿ ಕಡೆಯವರು, ಲೇಥ್ ಮಷೀನಿನ ಟರ್ನರ್. ಸೂತ್ ಅಂದರೆ ಅವರ ಕಾರ್ಖಾನೆಯಲ್ಲಿ ಇಂಚಿನ ಎಂಟನೇ ಒಂದು ಭಾಗ. ಚಹಾ, ಚಪ್ಪಲಿ, ಚಪಾತಿ, ಯಾವುದನ್ನು ಕಂಡರೂ ಅವರದು ಅದೇ ಮಾತು: "ಒಂದ್ ಸೂತ್ ಹೆಚ್ಚಾತ್ರೀ."

ಸಾಫ್ಟ್‌ವೇರ್ ಕೆಲಸದ ಮೇಲೆ ಟೋಕಿಯೊಗೆ ಹೋಗಿದ್ದ ನಾನು ಸಾಕೆ ಎಂಬ ಅಕ್ಕಿಯ ಮದ್ಯ ತಂದೆ. ಭಾನುವಾರ ಮಧ್ಯಾಹ್ನ ಅದಕ್ಕೆ ಸೌತೆಕಾಯಿ, ಶುಂಠಿ, ನಿಂಬೆರಸ, ಸೋಡಾ ಬೆರೆಸುವ ಹೊಣೆಯನ್ನು ಅವರೇ ಹೊತ್ತರು. ಸೌತೆಕಾಯಿಯ ಬಿಲ್ಲೆಗಳನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ನೋಡಿ, ದಪ್ಪಗಿದ್ದವನ್ನು ತಾವೇ ತಿಂದರು. ಐಸನ್ನು ತೊಳೆದ ಅರದಿಂದ ಉಜ್ಜಿ ಗುಂಡಗೆ ಮಾಡಿದರು.

"ಜಪಾನಲ್ಲಿ ಯಾರೂ ತಮ್ಮ ಗ್ಲಾಸಿಗೆ ತಾವೇ ಹಾಕ್ಕೊಳ್ಳಲ್ಲ ಸಾರ್, ಇನ್ನೊಬ್ಬರು ಹಾಕಬೇಕು," ಎಂದೆ.

ತಮ್ಮ ಗ್ಲಾಸಿಗೆ ಸುರಿಯಲು ಜಗ್ಗು ಎತ್ತಿದ್ದ ಅವರ ಕೈ ಅಲ್ಲೇ ನಿಂತಿತು. ಇಷ್ಟು ವರ್ಷ ಬಾಟಲಿ ಕಂಡರೆ ಮುಖ ತಿರುಗಿಸುತ್ತಿದ್ದ ಅವರ ಹೆಂಡತಿ ಅಡುಗೆಮನೆಯಿಂದ ಬಂದು, ಜಗ್ಗು ಇಸಿದುಕೊಂಡು ಗಂಡನ ಗ್ಲಾಸು ತುಂಬಿದರು. ಆಮೇಲೆ ತಮ್ಮ ಸ್ಟೀಲ್ ಲೋಟ ಮುಂದೆ ಹಿಡಿದರು.

"ಹಂಗಾರ ನನಗ ನೀವ ಹಾಕಬೇಕಲ್ರೀ?"

ಸಾಹೇಬರು ಬೆರಗಾಗಿ, ಎರಡು ಬೆರಳಷ್ಟು ಸುರಿದರು. ಆಕೆ ಲೋಟವನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ನೋಡಿದರು.

"ಒಂದ್ ಸೂತ್ ಕಮ್ಮಿ ಆತ್ರೀ."