ಖಾಲಿ ಲಾರಿಯ ತೂಕ

ಮಲ್ಲಣ್ಣ, ನೀವು ಅದಿರು ಕದ್ದಿರಲಿಲ್ಲ. ಅದು ನನಗೆ ಗೊತ್ತಿತ್ತು — ನಿಮ್ಮನ್ನು ಕೆಲಸದಿಂದ ತೆಗೆಯುವ ಮೊದಲೇ ಗೊತ್ತಿತ್ತು. ಇಷ್ಟು ವರ್ಷ ಬಾಯಿ ಹೊಲಿದುಕೊಂಡು ಕೂತೆ.

ತೊಂಬತ್ತರ ದಶಕ. ಗಣಿಯೂರು ಕುಡಚಡೆಯಲ್ಲಿ ಅದಿರಿನ ಲಾರಿ ತೂಗುವ ಕಾಟಾ ಆಫೀಸಿನಲ್ಲಿ ನನಗೆ ಕಂಪ್ಯೂಟರ್ ಕೆಲಸ ಕೊಡಿಸಿದವರೇ ಅಲ್ಲಿ ಲಾರಿ ಡ್ರೈವರ್ ಆಗಿದ್ದ ನೀವು. ವಿಜಾಪುರದ ಕಡೆಯ ನಮ್ಮ ಹುಡುಗ ಎಂದು ಮ್ಯಾನೇಜರ್ ಮುಂದೆ ಕೈಮುಗಿದು ನಿಂತಿರಿ. ನೀಲವ್ವ ವೈನಿ ನಿಮಗೆ ಕಟ್ಟಿಕೊಡುತ್ತಿದ್ದ ಬುತ್ತಿಯಲ್ಲಿ ಎರಡು ರೊಟ್ಟಿ ನನ್ನವೇ.

ತುಂಬಿದ ಲಾರಿಯ ತೂಕದಲ್ಲಿ ಖಾಲಿ ಲಾರಿಯ ತೂಕ ಕಳೆದರೆ ಉಳಿಯುವುದು ಅದಿರು. ಮಳೆಗಾಲ ಮುಗಿದು ಗಣಿ ಶುರುವಾದಾಗ ಖಾಲಿ ಲಾರಿಯನ್ನು ಒಮ್ಮೆ ತೂಗುವುದು, ಇಡೀ ಹಂಗಾಮಿಗೆ ಅದೇ ಅಂಕಿ ಹಿಡಿಯುವುದು ನಮ್ಮಲ್ಲಿದ್ದ ಪದ್ಧತಿ. ಲಾರಿಗಳೆಲ್ಲ ಒಂದೇ ಮಾದರಿಯವು ಎಂದು ನಾನು ಎಲ್ಲಕ್ಕೂ ಒಂದೇ ಅಂಕಿ ಇಟ್ಟೆ. ಈ ಲೆಕ್ಕ ಮಾಡಲು ಕಂಪ್ಯೂಟರಿಗೆ ನಾನು ಬರೆದುಕೊಟ್ಟ ಶೆಲ್ ಸ್ಕ್ರಿಪ್ಟಿನ ತಲೆಯಲ್ಲಿ ಅದಕ್ಕೊಂದು ಹೆಸರು ಕೊಟ್ಟು, ಜೊತೆಗೆ ರೀಡ್‌ಓನ್ಲಿ ಎಂದು ಬರೆದೆ. ಹಾಗೆ ಬರೆದರೆ ಅದು ಸ್ಥಿರಾಂಕ. ಕೆಳಗಿನ ಯಾವ ಸಾಲೂ ಅದನ್ನು ಬದಲಿಸಲಾಗದು, ಬದಲಿಸಹೋದರೆ ಯಂತ್ರವೇ ತಕರಾರು ತೆಗೆಯುತ್ತದೆ. ಆಗಷ್ಟೇ ಕಲಿತ ವಿದ್ಯೆ — ಥೂ, ಎಂಥ ಧಿಮಾಕಿತ್ತು ನನಗೆ.

ಹಂಗಾಮಿನ ನಡುವೆ ನೀವು ಕಿಟಕಿಯ ಹತ್ತಿರ ಬಂದಿರಿ.

"ತಮ್ಮಾ, ನನ್ನ ಗಾಡಿಗೆ ಕಟ್ಟಿಗಿ ಹಲಗಿ ತಗದು ಕಬ್ಬಿಣದ ತಗಡು ಹಾಕ್ಯಾರ. ಖಾಲಿ ಗಾಡಿ ಇನ್ನೊಮ್ಮೆ ತೂಗು."

"ಆ ಅಂಕಿ ಬದಲಾಗೂದಿಲ್ಲ ಮಲ್ಲಣ್ಣ, ನಾ ಬೀಗ ಹಾಕೇನಿ" ಎಂದು ನಕ್ಕೆ. ನೀವೂ ನಕ್ಕು ಹೋದಿರಿ, ಪಾಪ, ಓದಿದವನ ಮಾತು ಎಂದು ನಂಬಿ.

ಹೊಳೆದಂಡೆಯಲ್ಲಿ ಬಾರ್ಜಿಗೆ, ಅಂದರೆ ಸರಕಿನ ದೋಣಿಗೆ, ಅದಿರು ತುಂಬುವ ಜೆಟ್ಟಿಯಲ್ಲಿ ಲಾರಿಯನ್ನು ಪ್ರತಿ ಸಲವೂ ತುಂಬಿದ್ದು, ಖಾಲಿಯಾದದ್ದು ಎರಡೂ ತೂಗುತ್ತಿದ್ದರು. ನೀವು ಒಯ್ದ ಪ್ರತಿ ಖೇಪಿನಲ್ಲೂ ಅಲ್ಲಿ ನಮ್ಮ ಲೆಕ್ಕಕ್ಕಿಂತ ಮೂರು ಕ್ವಿಂಟಲ್ ಕಡಿಮೆ ಬರತೊಡಗಿತು. ದಾರಿಯಲ್ಲಿ ಬೇರೆಯವರ ಲಾರಿಗೆ ಸುರಿಯುತ್ತೀರಿ ಎಂಬ ಮಾತು ಎದ್ದಿತು. ವಿಚಾರಣೆಯ ದಿನ ಬೆಳಿಗ್ಗೆ, ಯಾಕೋ ತಡೆಯಲಾಗದೆ, ನಿಮ್ಮ ಖಾಲಿ ಲಾರಿಯನ್ನು ಕಾಟಾದ ಮೇಲೆ ನಿಲ್ಲಿಸಿ ನೋಡಿದೆ. ನನ್ನ ಅಂಕಿಗಿಂತ ಮೂರು ಕ್ವಿಂಟಲ್ ಹೆಚ್ಚಿತ್ತು — ಕಡಿಮೆ ಬಿದ್ದದ್ದು ಅದಿರಲ್ಲ, ಆ ಕಬ್ಬಿಣದ ತಗಡಿನ ತೂಕ.

ಒಂದು ತಾಸಿನ ನಂತರ ಮ್ಯಾನೇಜರ್ ಎಲ್ಲರೆದುರು ನನ್ನನ್ನು ಕೇಳಿದರು, ಕಂಪ್ಯೂಟರಿನಲ್ಲೇನಾದರೂ ತಪ್ಪಿದೆಯಾ ಎಂದು. ನನ್ನ ನೌಕರಿ ಕಾಯಂ ಆಗಿ ವಾರವಾಗಿತ್ತು. ನೀವು ನನ್ನ ಮುಖವನ್ನೇ ನೋಡುತ್ತಿದ್ದಿರಿ — ಸಿಟ್ಟಿನಿಂದಲ್ಲ, ಈ ಹುಡುಗ ಈಗ ಹೇಳುತ್ತಾನೆ ಎಂಬ ಭರವಸೆಯಿಂದ.

"ಇಲ್ರಿ," ಅಂದೆ. "ಲೆಕ್ಕ ಬರೋಬ್ಬರಿ ಅದ."

ಅಂದೇ ನಿಮ್ಮನ್ನು ಕೆಲಸದಿಂದ ತೆಗೆದರು. ವಾರದೊಳಗೆ ವೈನಿ, ಮಕ್ಕಳನ್ನು ಕರೆದುಕೊಂಡು ಊರಿಗೆ ಹೋದಿರಿ. ಕಳ್ಳ ಎಂಬ ಹೆಸರು ನಿಮಗಿಂತ ಮೊದಲೇ ಅಲ್ಲಿ ಮುಟ್ಟಿತ್ತಂತೆ.

ಇನ್ನು ಇದು — ಇದನ್ನು ಯಾರಿಗೂ ಹೇಳಿಲ್ಲ. ನೀವು ಹೋದ ಮರುದಿನ ಸ್ಕ್ರಿಪ್ಟ್ ತೆರೆದು, ಲಾರಿಗೊಂದರಂತೆ ಬೇರೆ ಬೇರೆ ಅಂಕಿ ಬರೆದೆ. ಬದಲಾಗುವುದಿಲ್ಲ ಎಂದಿದ್ದನ್ನು ಬದಲಿಸಲು ಹತ್ತು ನಿಮಿಷ ಸಾಕಾಯಿತು. ನಿಮ್ಮ ಲಾರಿಗೆ ಬಂದ ಹೊಸ ಡ್ರೈವರನ ಖೇಪಿನಲ್ಲಿ ಒಂದು ದಿನವೂ ಕಡಿಮೆ ಬರಲಿಲ್ಲ. ಮ್ಯಾನೇಜರ್ ಆ ತೂಕದ ಕಾಗದ ನೋಡಿ ನನ್ನ ಬೆನ್ನು ತಟ್ಟಿದರು. ಕಳ್ಳ ಹೋದ ಮೇಲೆ ತೂಕ ಹೇಗೆ ಸರಿಹೋಯಿತು ನೋಡು, ಎಂದರು.

ನಾನು ಹೌದ್ರಿ ಅಂದೆ.

ಮಲ್ಲಣ್ಣ, ಸೋಮವಾರದ ಬಸ್ಸಿಗೆ ನಿಮ್ಮ ಊರಿಗೆ ಹೊರಟಿದ್ದೇನೆ. ಕ್ಷಮೆ ಕೇಳುವ ಮುಖ ನನಗಿಲ್ಲ. ನೀವು ಒಳಗೆ ಕರೆಯುವುದೂ ಬೇಡ. ನಿಮ್ಮ ಮಕ್ಕಳನ್ನು, ಓಣಿಯವರನ್ನು ಬಾಗಿಲಿಗೆ ಕರೆಯಿರಿ. ಮ್ಯಾನೇಜರ್ ಕೇಳಿದ ಆ ಪ್ರಶ್ನೆಗೆ ಅವರೆದುರು ನಿಂತು ಉತ್ತರ ಹೇಳುತ್ತೇನೆ.