ಕೈಗೆ ಕೂತ ಪಿಸ್ತೂಲು

ಮೊನ್ನೆ ಮಂಗಳೂರಿನ ಅಂಗಡಿಯೊಂದರಲ್ಲಿ ಎರಡು ಊರುಗೋಲುಗಳ ಮುಂದೆ ಮುಖ ಗಂಟಿಕ್ಕಿ ನಿಂತಿದ್ದೆ. ಮಂಡಿ ಸೋತಿದೆ ಎಂದು ಊರಿಗೆಲ್ಲ ಡಂಗುರ ಸಾರುವ ವಸ್ತು. ಅದಕ್ಕೆ ಆಯ್ಕೆ ಬೇರೆ ಕೇಡು! ಹಗುರದ್ದನ್ನು ಎತ್ತಿಕೊಂಡೆ. ಪಕ್ಕದಲ್ಲಿದ್ದ ಹೆಂಡತಿ ಶಾರದೆ ನಕ್ಕಳು. “ದೋಹಾದಲ್ಲಿ ಸಹ ನೀವು ಹಗುರದ್ದೇ ಹೇಳಿದ್ದಲ್ವಾ?”

ಈ ಶತಮಾನದ ಮೊದಲ ವರ್ಷಗಳ ಮಾತು. ಆಗ ನಾನು ದೋಹಾದ ವೆಸ್ಟ್ ಬೇಯ ಆಫೀಸಿನಲ್ಲಿ ಕುರ್ಚಿ ಸವೆಸುತ್ತಿದ್ದೆ. ಅದೇ ಊರಿನ ಅಲ್ ಅಜೀಜಿಯಾದಲ್ಲಿ ನಮ್ಮ ಫ್ಲ್ಯಾಟು. ಅಲ್ಲಿದ್ದ ನಮ್ಮೂರ ಹೆಂಗಸರ ರವಿಕೆಗಳಿಗೆಲ್ಲ ಶಾರದೆಯೇ ಗತಿ. ಆದರೆ ಬಚ್ಚಲಲ್ಲಿ ಜಾರಿ ಬಲಗೈಯ ಮಣಿಕಟ್ಟು ಮುರಿದ ಮೇಲೆ ಕೈ ನಡುಗತೊಡಗಿತು. ಮೂಳೆ ಕೂಡಿದೆ, ಉಳಿದದ್ದು ಹೆದರಿಕೆ ಎಂದರು ಡಾಕ್ಟರು. ಹೆದರಿಕೆಗೆ ಎಲ್ಲಿಯ ಪ್ಲಾಸ್ಟರು ಹಾಕುವುದು, ನೀವೇ ಹೇಳಿ? ಅವಳು ಹೊಲಿಗೆ ಯಂತ್ರಕ್ಕೆ ಬಟ್ಟೆ ಹೊದಿಸಿ, ಮೇಲೊಂದು ಪ್ಲಾಸ್ಟಿಕ್ ಹೂವಿನ ಕುಂಡ ಇಟ್ಟುಬಿಟ್ಟಳು.

ಒಂದು ಶುಕ್ರವಾರ ಆಫೀಸಿನವರು ಕುಟುಂಬಗಳನ್ನೆಲ್ಲ ಶೂಟಿಂಗ್ ರೇಂಜಿಗೆ ಕರೆದೊಯ್ದರು. ಕಲಿಸುವವರು ಕೊಡಗಿನ ಪೊನ್ನಪ್ಪ, ಸೈನ್ಯದಿಂದ ನಿವೃತ್ತರಾದವರು. ಮೇಜಿನ ಮೇಲೆ ಎರಡು ಗಿಡ್ಡ ಪಿಸ್ತೂಲು. ನೋಡಲು ಅವಳಿ ಮಕ್ಕಳು, ತೂಕದಲ್ಲಿ ಮಾತ್ರ ಒಂದು ಹಗುರ, ಒಂದು ಭಾರ.

“ನನ್ನ ಕೈ ಎಂತಕ್ಕೂ ಆಗುದಿಲ್ಲ ಮಾರಾಯ್ರೇ,” ಎಂದು ಶಾರದೆ ಹಿಂದೆ ಸರಿದಳು.

ನಾನೋ, ದೀಪಾವಳಿಯ ಕೇಪಿನ ಪಿಸ್ತೂಲಿನ ಆಚೆ ಏನೂ ಅರಿಯದವನು. ಆದರೂ ಮಹಾ ಪಂಡಿತನಂತೆ, “ಹಗುರದ್ದು ತಗೋ, ಹೆಂಗಸರಿಗೆ ಅದೇ ಸರಿ,” ಎಂದೆ.

ಅವಳು ತೆಗೆದುಕೊಂಡಳು. ಹೊಸ ಬಟ್ಟೆ ಕತ್ತರಿಸುವ ಮುನ್ನ ಕತ್ತರಿಯನ್ನು ಕಣ್ಣಿಗೊತ್ತಿಕೊಳ್ಳುವ ಅಭ್ಯಾಸ ನೋಡಿ, ಪಿಸ್ತೂಲನ್ನೂ ಭಕ್ತಿಯಿಂದ ಕಣ್ಣಿಗೊತ್ತಿಕೊಂಡಳು!

“ಖಲಾಸ್! ಕೆಳಗಿಡಿ!” ಪೊನ್ನಪ್ಪ ಗುಡುಗಿದರು, ‘ಸಾಕು’ ಎಂಬುದಕ್ಕೆ ಅಲ್ಲಿಯವರು ಆಡುವ ಅರಬಿ ಮಾತಿನಲ್ಲಿ. ಗುಂಡು ತುಂಬಿರಲಿಲ್ಲ, ನಿಜ. ಆದರೂ ನಳಿಗೆಯನ್ನು ಗುರಿಯಿಂದ ಆಚೆ ತಿರುಗಿಸಿದವರು ಹೊರಗೆ ಹೋಗಬೇಕೆಂಬುದು ಅಲ್ಲಿನ ನಿಯಮ. ಶಾರದೆಯ ಮುಖ ಸಣ್ಣಗಾಯಿತು. ಈಗ ಎರಡೂ ಕೈ ನಡುಗುತ್ತಿದ್ದವು. ಇನ್ನು ಇವಳು ಸೂಜಿಯನ್ನೂ ಮುಟ್ಟಲಾರಳು ಎಂದುಕೊಂಡೆ.

ಪೊನ್ನಪ್ಪ ಆ ಕೈಗಳನ್ನು ನೋಡಿದರು. ದನಿ ಇಳಿಯಿತು, ಹೊರಗೆ ಕಳಿಸುವ ಮಾತು ಬಿಟ್ಟರು. “ಅಕ್ಕಾ, ನಾವೂ ಹಬ್ಬದಲ್ಲಿ ಕೋವಿಗೆ ಹೂವಿಟ್ಟು ಪೂಜೆ ಮಾಡೋರೇ. ಆದ್ರೆ ಆಗ್ಲೂ ನಳಿಗೆ ನಮ್ಮ ಕಡೆ ಇರಬಾರ್ದು. ಮೇಜಿಗೆ ನಮಸ್ಕಾರ ಮಾಡಿ. ಆಮೇಲೆ ಕಣ್ಣು ಮುಚ್ಚಿ ಎರಡನ್ನೂ ಹಿಡಿದು ನೋಡಿ. ಯಜಮಾನ್ರ ಮಾತು ಬಿಡಿ.”

ಬಳೆಗಾರನ ಮುಂದೆ ಕೂತವಳ ಹಾಗೆ ಅವಳು ಕಣ್ಣು ಮುಚ್ಚಿದಳು. “ಇದು ಭಾರ. ಆದ್ರೆ ಅಂಗೈಯಲ್ಲಿ ಕೂರ್ತದೆ.”

ಪೊನ್ನಪ್ಪ ಎರಡಕ್ಕೂ ಗುಂಡು ತುಂಬಿಕೊಟ್ಟರು. ಹೋಲಿಸಿ ನೋಡಲೆಂದು ಮೊದಲು ಹಗುರದ್ದರಿಂದಲೇ ಒಂದು ಗುಂಡು ಹಾರಿಸಿದಳು. ಅದು ಚಂಗನೆ ಜಿಗಿದು ಹೆಬ್ಬೆರಳ ಬುಡಕ್ಕೆ ಬಡಿಯಿತು. “ಅಯ್ಯೋ ದೇವ್ರೇ!” ಭಾರದ್ದು ಹಾಗಲ್ಲ, ಮೆಲ್ಲಗೆ ಹಿಂದಕ್ಕೆ ತಳ್ಳಿತು, ಅಷ್ಟೆ.

“ತೀರಾ ಬಿಗಿ ಹಿಡಿದ್ರೇ ಕೈ ನಡುಗೋದು, ಅಕ್ಕಾ. ಉಸಿರು ಬಿಡಿ.”

ಉಸಿರು ಬಿಟ್ಟಳು. ಗುರಿಯ ಕಾಗದದ ಮೇಲೆ ತೂತುಗಳು ಒತ್ತೊತ್ತಾಗಿ ಬಿದ್ದವು. ಹಗುರದ್ದನ್ನೇ ಹಿಡಿದ ನನ್ನ ಕಾಗದಕ್ಕೆ ಗೀರೂ ಬೀಳಲಿಲ್ಲ. “ಯಜಮಾನ್ರದ್ದು ಅಹಿಂಸೆ,” ಎಂದರು ಪೊನ್ನಪ್ಪ.

ಕಾರಿನಲ್ಲಿ ಅವಳು ತನ್ನ ಅಂಗೈಯನ್ನೇ ನೋಡುತ್ತಿದ್ದಳು. ಮನೆಗೆ ಬಂದವಳೇ ಹೂವಿನ ಕುಂಡ ಎತ್ತಿ ನನ್ನ ಕೈಗೆ ಕೊಟ್ಟು, ಯಂತ್ರಕ್ಕೆ ಎಣ್ಣೆ ಬಿಟ್ಟಳು. ಹರಿದಿದ್ದ ನನ್ನ ಅಂಗಿಯ ಜೇಬಿಗೆ ಹೊಲಿಗೆ ಬಿತ್ತು. ಸೊಟ್ಟ ಹೊಲಿಗೆ. ಯಾರಾದರೂ ಕೇಳಲಿ ಎಂದು ಮರುದಿನ ಅದೇ ಅಂಗಿ ತೊಟ್ಟು ಆಫೀಸಿಗೆ ಹೋದೆ.

ಮೊನ್ನೆ ಆ ಅಂಗಡಿಯಲ್ಲಿ ನಾನೂ ಕಣ್ಣು ಮುಚ್ಚಿ ಎರಡು ಕೋಲುಗಳನ್ನೂ ಹಿಡಿದು ನೋಡಿದೆ. ಭಾರದ ಕೋಲು ಅಂಗೈಯಲ್ಲಿ ಕೂತಿತು. ಶಾರದೆ ನನ್ನ ಬೆರಳ ಗೆಣ್ಣುಗಳನ್ನು ಮುಟ್ಟಿ, “ಅಷ್ಟು ಬಿಗಿ ಬೇಡ ಮಾರಾಯ್ರೇ, ಉಸಿರು ಬಿಡಿ,” ಎಂದಳು.

ಬಿಟ್ಟೆ. ನಾಚಿಕೆಯೂ ಅದರ ಜೊತೆಗೇ ಹೋಯಿತು. ಜನ ನೋಡುತ್ತಿದ್ದರೂ ಕೋಲನ್ನೆತ್ತಿ ಕಣ್ಣಿಗೊತ್ತಿಕೊಂಡೆ.

“ಖಲಾಸ್!” ಎಂದಳು ಶಾರದೆ. “ಕೆಳಗಿಡಿ, ನಡೀರಿ.”