ತಿರುಗುವ ಉಂಗುರ

ನಿಶ್ಚಯದ ಉಂಗುರ ಮಾಡಿಸಲು ಜಮಖಂಡಿಯ ಪತ್ತಾರರ ಅಂಗಡಿಗೆ ಮೂವರು ಹೋಗಿದ್ದೆವು. ನಾನು, ಅಪ್ಪ, ಮತ್ತು ಯಾರ ಬಲವಂತವೂ ಇಲ್ಲದೆ ನನ್ನನ್ನು ಒಪ್ಪಿದ್ದ ಬನಹಟ್ಟಿಯ ಹುಡುಗಿ. ಅವಳ ಜಾಣತನದ ಮೇಲೆ ನನಗಿದ್ದ ಅನುಮಾನ ಅದೊಂದೇ.

ಮುಧೋಳ, ಬೀಳಗಿ ಕಡೆಯ ಮದುವೆಗಳಲ್ಲಿ ಮಂದಿಯ ದನಿ ತೆಗೆದು ನಗಿಸುವುದು ನನ್ನ ಕಸುಬು. ಬಸ್ ಕಂಡಕ್ಟರನಿಂದ ಹಿಡಿದು ಸಕ್ಕರೆ ಕಾರ್ಖಾನೆಯಲ್ಲಿ ಪಾಳಿಗೆ ಕೂಗುವ ಭೋಂಗಾದವರೆಗೆ ಎಲ್ಲ ದನಿಗಳೂ ನನ್ನ ಗಂಟಲಲ್ಲಿವೆ. ಅಪ್ಪನದೊಂದಿಲ್ಲ. ಅವ್ವ ಹೋದ ಮೇಲೆ ಅವನು ಮಾತಾಡಿದ್ದೇ ಅಷ್ಟಕ್ಕಷ್ಟೆ. ಅಸಲೇ ಇಲ್ಲದೆ ನಕಲು ಎಲ್ಲಿಂದ ತರಲಿ?

ಅವ್ವನನ್ನು ದವಾಖಾನೆಗೆ ಸೇರಿಸಿದಾಗ ಕೈ ಬಾತು ಉಂಗುರ ಬೆರಳೊಳಗೆ ಹೂತುಹೋಗಿತ್ತು. ಸಾಬೂನು ಹಚ್ಚಿದರು, ದಾರ ಸುತ್ತಿ ಎಳೆದರು. ಕಡೆಗೆ ಕತ್ತರಿಸಿದರು. ಆಗ ಅವ್ವ ಉಂಗುರವನ್ನು ನೋಡಲಿಲ್ಲ, ಅಪ್ಪನ ಮುಖ ನೋಡುತ್ತಿದ್ದಳು. ಬಾಯಿ ತೆರೆದ ಆ ಉಂಗುರ ಅಂದಿನಿಂದ ಅಪ್ಪನ ಎಲೆ-ತಂಬಾಕಿನ ಚಂಚಿಯಲ್ಲೇ ಇದೆ.

ಅಂಗಡಿಯಲ್ಲಿ ನನ್ನ ಕಣ್ಣು ಬಿದ್ದದ್ದು ಕೆಂಪು ಕಲ್ಲಿನ ಉಂಗುರದ ಮೇಲೆ. ಅವಳು ಅದನ್ನು ಬೆರಳಿಗೂ ಏರಿಸಲಿಲ್ಲ.

“ಈ ಕಲ್ಲ ಹಿಡದ ಹಲ್ಲು ಎಳಿ ಹಿಡಿತಾವ್ರಿ. ದಿನಾ ಮಗ್ಗದಾಗ ಹರದ ಎಳಿ ಗಂಟ ಹಾಕಾಕಿ ನಾನು. ಸೀರಿ ಕೆಟ್ರ ನಿಮ್ಮ ಪ್ರೀತಿ ಯಾರ್ ಕೇಳ್ತಾರು?”

ಪತ್ತಾರರು ಮೈ ನುಣುಪಾದ ಗುಂಡನೆಯ ಉಂಗುರವೊಂದನ್ನು ಮುಂದೆ ತಳ್ಳಿದರು. “ಇಂಥಾದ್ದ ಮಾಡಿಸ್ರಿ. ಸ್ವಲ್ಪ ದಪ್ಪ ಮಾಡ್ತೀನಿ. ಸವಿಯೂದಿಲ್ಲ, ಮುರಿಯೂದಿಲ್ಲ. ನಾವು ನೀವು ಹೋದ್ರೂ ಇದು ಬಾಳತೈತಿ.”

“ನಾವು ನೀವು ಹೋದ್ರೂ,” ಎಂದು ನಾನು ಮೂಗಿನಲ್ಲಿ ಅವರದೇ ದನಿ ತೆಗೆದೆ. ಅವಳು ನಕ್ಕಳು. ಪತ್ತಾರರೂ ನಕ್ಕರು. ಅಪ್ಪ ಚಂಚಿ ಬಿಚ್ಚಿ, ತಂಬಾಕಿನ ಪುಡಿ ಹತ್ತಿದ್ದ ಅವ್ವನ ಉಂಗುರವನ್ನು ಗಾಜಿನ ಮೇಲಿಟ್ಟ.

“ಇದೂ ಬಾಳಿಕಿ ಬಂತ್ರಿ,” ಎಂದ. “ಸುತ್ತುಂಗರ ಮಾಡ್ರಿ. ಎಳದ್ರ ಬಿಚ್ಚಬೇಕು. ನಾಳೆ ಯಾರೂ ಕತ್ತರಿ ಹಾಕಬಾರದು.”

ಪತ್ತಾರರು ಸುತ್ತುಂಗುರ ತೆಗೆದುಕೊಟ್ಟರು. ತಂತಿಯನ್ನು ಹಾವಿನಂತೆ ಸುತ್ತಿದ್ದು. ಅವಳು ಅದನ್ನು ಹಾಕಿಕೊಂಡು ಸೆರಗಿನ ಮೇಲೆ ಮೆಲ್ಲಗೆ ಕೈಯಾಡಿಸಿದಳು. ಸುತ್ತಿನ ಸಂದಿಯಲ್ಲಿ ಒಂದು ಎಳೆ ಸಿಕ್ಕಿ ಎದ್ದುಬಂತು. ಅಪ್ಪನಿಗೆ ಅದನ್ನು ತೋರಿಸಿ ಹೇಳಿದಳು:

“ಮಾವಾರ, ದವಾಖಾನಿಗೆ ಹೋಗೂ ಹೊತ್ತು ಬಂದ್ರ, ಬಾಗಲದಾಗ ತಗದು ನಿಮ್ಮ ಕೈಯಾಗ ಕೊಡ್ತೀನ್ರಿ.”

“ಅಕೀನೂ ಹಂಗ ಅಂದಿದ್ಲವ್ವಾ,” ಎಂದ ಅಪ್ಪ.

ನನ್ನ ಬಾಯಲ್ಲಿ ಒಂದು ಚೇಷ್ಟೆ ತಯಾರಾಗಿತ್ತು. ಉಗುಳೊಂದಿಗೆ ನುಂಗಿದೆ. ಹೊರಗೆ ಕಬ್ಬಿನ ಟ್ರ್ಯಾಕ್ಟರೊಂದು ಹಾದುಹೋಯಿತು.

ಅವಳು ಸುತ್ತುಂಗುರ ತೆಗೆದಿಟ್ಟು ಪತ್ತಾರರತ್ತ ತಿರುಗಿದಳು. “ಆ ನುಣುಪ ಉಂಗರನ ಮಾಡ್ರಿ ಕಾಕಾ. ಅಳತಿಗಿಂತ ಸಡಿಲ ಇರಲಿ.”

“ಸಡಿಲ ಆದ್ರ ಬೀಳತೈತಿ ತಂಗಿ.”

“ಬಿದ್ರ ಹುಡಕ್ತೀನ್ರಿ.”

ಅವ್ವನ ಬಂಗಾರವನ್ನೂ ಅದಕ್ಕೇ ಕರಗಿಸಲೇ ಎಂದು ಪತ್ತಾರರು ಕೇಳಿದರು. ಅಪ್ಪ ಆ ಉಂಗುರವನ್ನು ಚಂಚಿಗೆ ಹಾಕಿ ದಾರ ಬಿಗಿದ.

ಈಗ ಅವಳು ರಬಕವಿಯ ನಮ್ಮ ಮನೆಯಲ್ಲಿದ್ದಾಳೆ. ಸಂಜೆ ಮಗ್ಗದಿಂದ ಬಂದು ಅಪ್ಪನಿಗೆ ರೊಟ್ಟಿ ಬಡಿಸುವಾಗ ತಾಟಿನ ಮುಂದೆ ಕೈ ನಿಲ್ಲಿಸಿ, ಹೆಬ್ಬೆರಳಿನಿಂದ ಉಂಗುರವನ್ನು ಒಂದು ಸುತ್ತು ತಿರುಗಿಸುತ್ತಾಳೆ. ಅಪ್ಪ ನೋಡುತ್ತಾನೆ, ರೊಟ್ಟಿ ಮುರಿಯುತ್ತಾನೆ. ನಾನು ಯಾರದಾದರೂ ದನಿ ತೆಗೆಯುತ್ತೇನೆ. ಇಬ್ಬರೂ ನಗುವುದಿಲ್ಲ. ನನ್ನ ಕಸುಬಿಗೆ ಮನೆಯಲ್ಲಿ ಇಷ್ಟೇ ಬೆಲೆ.

ಕಳೆದ ಬೇಸಿಗೆಯಲ್ಲಿ ಒಂದು ಸಂಜೆ ಅವಳ ಕೈ ಬಾತು ಉಂಗುರ ತಿರುಗಲಿಲ್ಲ. “ಬಿಸಲಿಗ್ರಿ, ಬ್ಯಾರೆ ಏನಿಲ್ಲ,” ಎಂದಳು. ಅಪ್ಪ ರೊಟ್ಟಿ ಮುಟ್ಟದೆ ಕೂತಿದ್ದ. ಅವನ ಕೈ ಚಂಚಿಯ ಮೇಲಿತ್ತು. ಅವಳು ಬಚ್ಚಲಿಗೆ ಹೋಗಿ, ಸಾಬೂನು ಹಚ್ಚಿ ಉಂಗುರ ತೆಗೆದು, ಹಸಿಯಾಗಿಯೇ ತಂದು ಅವನ ತಾಟಿನ ಬದಿಗಿಟ್ಟಳು.

ಅಪ್ಪ ಅದನ್ನು ಧೋತರದ ತುದಿಯಲ್ಲಿ ಒರೆಸಿದ. ಆಮೇಲೆ ರೊಟ್ಟಿ ಮುರಿದ.